ಹೊರಗೆ ಕನ್ನಡ ಬೋರ್ಡು, ಒಳಗೆ ಯಾರ ಆಟ?

ಒಂದು ಪ್ರಶ್ನೆ ಕೇಳುತ್ತೇವೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ.

ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲಿ ಎಷ್ಟು ಆಟಗಳಿವೆ? ಅವುಗಳಲ್ಲಿ ನಿಮ್ಮೊಂದಿಗೆ ಕನ್ನಡದಲ್ಲಿ ಮಾತಾಡುವ ಆಟ ಎಷ್ಟು? ಕತ್ತಿ ಹಿಡಿದ ವೀರ, ಗುಹೆಯೊಳಗಿನ ರಾಕ್ಷಸ, ಮಂತ್ರದ ದೀಪ, ಬಾಗಿಲು ಕಾಯುವ ಮುದುಕಿ, ಇವರಲ್ಲಿ ಒಬ್ಬರಾದರೂ ನಿಮ್ಮನ್ನು "ಯಾರಪ್ಪಾ ನೀನು?" ಎಂದು ಕೇಳಿದ್ದುಂಟೇ?

ಉತ್ತರ ನಮಗೆ ಗೊತ್ತು, ನಿಮಗೂ ಗೊತ್ತು. ಅದಕ್ಕೇ ಈ ಸಂಪಾದಕೀಯ.

ನಾವು ಬೋರ್ಡಿಗಾಗಿ ಹೋರಾಡಿದ ಜನ. ಅಂಗಡಿಯ ಹೆಸರು ಕನ್ನಡದಲ್ಲಿರಬೇಕು ಎಂದು ಬೀದಿಗಿಳಿದೆವು, ಲಾಠಿ ತಿಂದೆವು, ಕೇಸು ಹಾಕಿಸಿಕೊಂಡೆವು. ಕೊನೆಗೆ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಯಿತು, ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಲೇಬೇಕು ಎಂದಾಯಿತು. ಸಂತೋಷ. ಆದರೆ ಆ ಬೋರ್ಡಿನ ಕೆಳಗೆ, ಅಂಗಡಿಯ ಒಳಗೆ, ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿರುವ ಮಾಲೀಕನ ಮಗ ಮೊಬೈಲಿನಲ್ಲಿ ಆಡುತ್ತಿರುವ ಆಟ ಯಾವ ಭಾಷೆಯದು? ಹೊರಗೆ ಕನ್ನಡ, ಒಳಗೆ ಇಂಗ್ಲಿಷು. ಇದು ನಮ್ಮ ಗೆಲುವೋ, ಸೋಲೋ?

ಭಾಲ್ಕಿಯ ಆ ಬೋರ್ಡು

ಇದಕ್ಕೆ ಸರಿಯಾಗಿ ತಿರುಗುಮುರುಗಾದ ಕಥೆಯೊಂದು ನಮ್ಮ ನಾಡಿನ ನೆತ್ತಿಯಲ್ಲಿದೆ. ಬೆಂಗಳೂರಿನ ಹುಡುಗರಿಗೆ ಇದು ಗೊತ್ತಿಲ್ಲದಿದ್ದರೆ ತಪ್ಪು ಅವರದಲ್ಲ, ಹೇಳದೇ ಹೋದ ನಮ್ಮದು.

ಬೀದರ್ ಆಗ ನಿಜಾಮನ ಕೈಯಲ್ಲಿತ್ತು. ಆಡಳಿತ ಉರ್ದು, ಕಚೇರಿ ಉರ್ದು, ಶಾಲೆ ಉರ್ದು. ಕನ್ನಡ ಮನೆಯೊಳಗಿನ ಮಾತು, ಹೊಲದ ಮಾತು ಅಷ್ಟೆ. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಏನು ಮಾಡಿದರು ಗೊತ್ತೇ? ಹೊರಗೆ ಉರ್ದು ಬೋರ್ಡು ಹಾಕಿದರು. ಒಳಗೆ ಮಕ್ಕಳನ್ನು ಕೂರಿಸಿ ಕನ್ನಡ ಕಲಿಸಿದರು! ಹಣವಿರಲಿಲ್ಲ, ಸರಕಾರದ ಬೆಂಬಲವಿರಲಿಲ್ಲ. ಇದ್ದದ್ದು ಜೋಳಿಗೆ ಮತ್ತು ಹಠ. 1890ರಲ್ಲಿ ಕಮಲನಗರದಲ್ಲಿ, ಅಂದರೆ ಮೊನ್ನೆ ಮೊನ್ನೆಯವರೆಗೆ ಔರಾದ್ ತಾಲ್ಲೂಕಿಗೆ ಸೇರಿದ್ದ ಊರಿನಲ್ಲಿ ಹುಟ್ಟಿದ ಆ ಮಹಾನುಭಾವ ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಒಂದು ಕಡೆ, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆ. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ನಮ್ಮ ಕಡೆ ಉಳಿದವು. ಸುಮ್ಮನೆ ಉಳಿದವೇ? ಉರ್ದು ಬೋರ್ಡಿನ ಹಿಂದೆ ಕನ್ನಡದ ಅಕ್ಷರ ತಿದ್ದಿದ ಕೈಗಳು ಅಲ್ಲಿದ್ದವು, ಅದಕ್ಕೇ ಉಳಿದವು.

ಆ ಹಿರಿಯರು ಬೋರ್ಡು ಬಿಟ್ಟುಕೊಟ್ಟು ಒಳಮನೆ ಉಳಿಸಿಕೊಂಡರು. ನಾವು ಬೋರ್ಡು ಗೆದ್ದುಕೊಂಡು ಒಳಮನೆ ಬಿಟ್ಟುಕೊಡುತ್ತಿದ್ದೇವೆ.

ಆಟ ಅಂದರೆ ಹುಡುಗಾಟವಲ್ಲ

"ಅಯ್ಯೋ, ಆಟಕ್ಕೆಲ್ಲಾ ಚಳವಳಿಯೇ?" ಎನ್ನುವವರಿದ್ದಾರೆ. ಅವರಿಗೆ ಎರಡು ಮಾತು.

ಔರಾದ್ ಕರ್ನಾಟಕದ ತುತ್ತತುದಿಯ ತಾಲ್ಲೂಕು. ಒಂದು ಪಕ್ಕ ಮಹಾರಾಷ್ಟ್ರ, ಇನ್ನೊಂದು ಪಕ್ಕ ತೆಲಂಗಾಣ. ಅಲ್ಲಿನ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ ಸ್ಟ್ಯಾಂಡಿನಲ್ಲಿ ಉರ್ದು, ಆಚೆ ಊರಿನ ನೆಂಟರೊಂದಿಗೆ ತೆಲುಗು ಕೇಳಿ ಬೆಳೆಯುತ್ತದೆ. ನಾಲ್ಕು ಭಾಷೆ ಬಲ್ಲ ಮಗು ಪುಣ್ಯವಂತ ಮಗು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಆ ಮಗು ಕನಸು ಕಾಣುವುದು ಯಾವ ಭಾಷೆಯಲ್ಲಿ? ರಾಜಕುಮಾರಿಯನ್ನು ಬಿಡಿಸುವುದು, ನಿಧಿ ಹುಡುಕುವುದು, ಮಾಂತ್ರಿಕನ ಪ್ರಾಣ ಅಡಗಿಸಿಟ್ಟ ಗಿಳಿಯನ್ನು ಹಿಡಿಯುವುದು ಯಾವ ಭಾಷೆಯಲ್ಲಿ? ನಿನ್ನೆಯವರೆಗೆ ಇದೆಲ್ಲ ಅಜ್ಜಿಯ ಭಾಷೆಯಲ್ಲಿ ನಡೆಯುತ್ತಿತ್ತು. ನಂತರ 'ಚಂದಮಾಮ' ಬಂತು. ಡಾ. ರಾಜ್ 'ಬಾಲನಾಗಮ್ಮ', 'ಕಟಾರಿವೀರ' ಎಂದು ತೆರೆಯ ಮೇಲೆ ಬಂದರು. ಅದ್ಭುತ, ಮಾಯೆ, ಸಾಹಸ ಎಲ್ಲ ಕನ್ನಡದಲ್ಲೇ ಇತ್ತು. ಇವತ್ತು ಅಜ್ಜಿಯ ಜಾಗದಲ್ಲಿ ಮೊಬೈಲ್ ಕುಳಿತಿದೆ. ಅದಕ್ಕೆ ಕನ್ನಡ ಬರುವುದಿಲ್ಲ. ಕಲಿಸುವವರು ಯಾರು?

ಭಾಷೆ ಕಚೇರಿಯಲ್ಲಿ ಸತ್ತರೆ ಆಜ್ಞೆ ಹೊರಡಿಸಿ ಬದುಕಿಸಬಹುದು. ಮಕ್ಕಳ ಕಲ್ಪನೆಯಲ್ಲಿ ಸತ್ತರೆ ಯಾವ ಸರಕಾರಿ ಆಜ್ಞೆಯೂ ಬದುಕಿಸಲಾರದು. ಬೀದರ್ ಜಿಲ್ಲೆಯ ಹಳ್ಳಿಗಳ ಮೇಲೆ ಹಕ್ಕು ಸಾಧಿಸಲು 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನಲ್ಲಿ ವಕೀಲರು ವಾದಿಸಲಿ. ಆದರೆ ಆ ಹಳ್ಳಿಯ ಮಗುವಿನ ತಲೆಯೊಳಗಿನ ಗಡಿಯನ್ನು ಕಾಯಬೇಕಾದವರು ನಾವು, ನೀವು.

ಒಬ್ಬ ಅಪ್ಪ, ಒಂದು ಗುಹೆ

ಈಗ ಒಂದು ಕಥೆ ಹೇಳುತ್ತೇವೆ. ಅಮೆರಿಕದ್ದು. ಹೊರಗಿನವರಿಂದ ಕಲಿಯುವುದರಲ್ಲಿ ಅವಮಾನವಿಲ್ಲ, ಕಲಿಯದೇ ಬರೀ ಕೊಂಡು ತಿನ್ನುವುದರಲ್ಲಿದೆ.

ವಿಲ್ ಕ್ರೌಥರ್ ಎಂಬೊಬ್ಬ ಎಂಜಿನಿಯರ್. ಇಂದಿನ ಇಂಟರ್‌ನೆಟ್ಟಿನ ಅಜ್ಜನಾದ ಅರ್ಪಾನೆಟ್ಟಿಗೆ ಪ್ರೋಗ್ರಾಂ ಬರೆಯುವುದು ಅವನ ಕೆಲಸ. ಗುಹೆಗಳಲ್ಲಿ ತೆವಳಿ ನಕ್ಷೆ ಮಾಡುವುದು ಅವನ ಹುಚ್ಚು. ಕೆಂಟುಕಿ ರಾಜ್ಯದ ಮ್ಯಾಮತ್ ಗುಹೆಯನ್ನು ಅಂಗುಲ ಅಂಗುಲವಾಗಿ ಅಳೆದವರ ತಂಡದಲ್ಲಿ ಅವನೂ ಇದ್ದ, ಅವನ ಹೆಂಡತಿ ಪ್ಯಾಟ್ ಕೂಡ ಇದ್ದಳು. ಆಮೇಲೆ ಗಂಡ-ಹೆಂಡತಿ ಬೇರೆಯಾದರು. ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಅಪ್ಪನಿಗೆ ಮಕ್ಕಳು ದೂರವಾಗುತ್ತಿದ್ದಾರೆ ಎಂಬ ಸಂಕಟ. ಆತ ಮಾಡಿದ್ದೇನು? ಬಿಡುವಿನ ವೇಳೆಯಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಮಕ್ಕಳಿಗಾಗಿ ಒಂದು ಆಟ ಬರೆದ. ತಾನು ಅಳೆದ ಗುಹೆಯನ್ನೇ ಅದರೊಳಗಿಟ್ಟ. ಅದಕ್ಕೆ ನಿಧಿ, ಮಾಯೆ, ಕುಬ್ಜರನ್ನು ಸೇರಿಸಿದ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ! ನೀನು ಇಂಥಲ್ಲಿ ನಿಂತಿದ್ದೀಯ, ಎದುರಿಗೆ ಇಂಥದ್ದಿದೆ, ಏನು ಮಾಡುತ್ತೀಯ? ಅಷ್ಟೇ. 1976ರ ಸುಮಾರಿಗೆ ಅದು ಹೊರಬಂತು. 1977ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಡಾನ್ ವುಡ್ಸ್ ಅದನ್ನು ಹಿಡಿದು ಇನ್ನಷ್ಟು ಬೆಳೆಸಿದ. ಅದರ ಹೆಸರು 'ಅಡ್ವೆಂಚರ್'. ಇಂದು ಲೋಕ ಆಡುವ ಸಾಹಸದ ಆಟಗಳಿಗೆಲ್ಲ ಅದೇ ಮೂಲಪುರುಷ.

ಗಮನಿಸಿ. ಅದು ಕೋಟಿ ರೂಪಾಯಿಯ ಕಂಪನಿಯ ಕೆಲಸವಲ್ಲ. ತಾನು ಕಾಲಿಟ್ಟು ನೋಡಿದ ಗುಹೆ, ತನ್ನ ಮಕ್ಕಳಿಗೆ ಅರ್ಥವಾಗುವ ಮಾತು, ಸಿಕ್ಕಷ್ಟು ಸಮಯ. ಇಷ್ಟೇ ಅವನ ಬಂಡವಾಳ.

ಇನ್ನೊಬ್ಬನಿದ್ದಾನೆ. ವಾರೆನ್ ರಾಬಿನೆಟ್. ಅಟಾರಿ ಕಂಪನಿಯ ನೌಕರ. ಕ್ರೌಥರನ ಆಟ ಆಡಿ ತಲೆ ಕೆಟ್ಟು, ಅದನ್ನೇ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆಗೆ ಇಳಿಸುತ್ತೇನೆಂದು ಹೊರಟ. ಪೆಟ್ಟಿಗೆಯೊಳಗಿನ ನೆನಪಿನ ಜಾಗ ಎಷ್ಟು ಗೊತ್ತೇ? 128 ಬೈಟು! ಇಂದಿನ ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟು ಬೇಕು. ಅಂದರೆ 42 ಚಿಹ್ನೆ, ಈ ಸಂಪಾದಕೀಯದ ಒಂದು ಸಾಲಿಗೂ ಸಾಲದು. ಇಡೀ ಆಟ 4 ಕಿಲೋಬೈಟಿನ ಚಿಪ್ಪಿನಲ್ಲಿ ಕೂರಬೇಕು. ವೀರನಿಗೆ ಮುಖವಿಲ್ಲ, ಕೈಕಾಲಿಲ್ಲ, ಅವನೊಂದು ಬರಿಯ ಚೌಕ. ಡ್ರ್ಯಾಗನ್ ನೋಡಿದರೆ ಬಾತುಕೋಳಿಯಂತಿತ್ತು. ಆದರೂ 1980ರಲ್ಲಿ ಆ ಆಟ ಬಂದಾಗ ಮಕ್ಕಳು ಬಿದ್ದು ಬಿದ್ದು ಆಡಿದರು. ಆ ಕಂಪನಿ ಆಟ ಬರೆದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ರಾಬಿನೆಟ್ ಏನು ಮಾಡಿದ? ಆಟದೊಳಗೇ ಒಂದು ಗುಪ್ತಕೋಣೆ ಕಟ್ಟಿ ಅದರಲ್ಲಿ ತನ್ನ ಹೆಸರು ಬರೆದಿಟ್ಟ. ಮೇಲಿನವರಿಗೆ ಗೊತ್ತಾಗುವಷ್ಟರಲ್ಲಿ ಆಟ ಊರೆಲ್ಲ ಹಂಚಿಹೋಗಿತ್ತು!

ಉರ್ದು ಬೋರ್ಡಿನ ಹಿಂದಿನ ಕನ್ನಡ ಶಾಲೆ, ಆಟದೊಳಗಿನ ಗುಪ್ತಕೋಣೆ. ಸಾಧನ ಕಡಿಮೆಯಿದ್ದವನ ಬುದ್ಧಿ ಎಲ್ಲ ಕಡೆಯೂ ಒಂದೇ ರೀತಿ ಓಡುತ್ತದೆ.

ನಮ್ಮ ಗುಹೆ ಎಲ್ಲಿದೆ?

ಕ್ರೌಥರನಿಗೆ ಮ್ಯಾಮತ್ ಗುಹೆಯಿತ್ತು. ನಮಗೆ ಬೀದರ್ ಇದೆ. ಗೆಳೆಯರೇ, ಬೀದರ್ ಎಂದರೆ ಕಟ್ಟಿಟ್ಟ ಆಟವೇ. ಬರೆದುಕೊಳ್ಳುವುದಷ್ಟೇ ಬಾಕಿ.

ಊರಿನ ಪಕ್ಕದ ನೌಬಾದಿಗೆ ಹೋಗಿ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳು ಪರ್ಷಿಯದ ವಿದ್ಯೆ ತಂದು, ಕೆಂಪು ಮುರಕಲ್ಲು ಕೊರೆದು ಮಾಡಿದ ಕರೇಜ್ ಅಲ್ಲಿದೆ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೆಲದ ಕೆಳಗೆ ಎರಡು ಕಿಲೋಮೀಟರಿಗೂ ಮೀರಿ ಸಾಗುವ ಕಾಲುವೆ. ಗಾಳಿ-ಬೆಳಕಿಗೆ ಮೇಲಿನಿಂದ ಸಾಲುಸಾಲು ಬಾವಿಗಳು. ಹೂಳು ತುಂಬಿ, ಮರೆತು ಹೋಗಿದ್ದ ಇದನ್ನು ಭೂಗೋಳ ತಜ್ಞ ವಿ. ಗೋವಿಂದನ್‌ಕುಟ್ಟಿ ಮತ್ತಿತರರು ಅಳೆದು ನಕ್ಷೆ ಮಾಡಿದರು. 2014ರಲ್ಲಿ ಬೀದರ್ ನಗರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೂ ಸೇರಿತು. ಅಮೆರಿಕದವನು ಗುಹೆಯ ನಕ್ಷೆ ಹಿಡಿದು ಆಟ ಮಾಡಿದ. ನಮ್ಮ ಸುರಂಗದ ನಕ್ಷೆ ಹಿಡಿದು ಆಟ ಮಾಡುವವರು ಯಾರು?

ಝರಣಿ ನರಸಿಂಹನ ಗುಹೆಗೆ ಹೋಗಿ. ಸುಮಾರು 300 ಮೀಟರ್ ಸುರಂಗ, ಎದೆಮಟ್ಟದ ನೀರು, ತಲೆಯ ಮೇಲೆ ಬಾವಲಿಗಳು, ಕೊನೆಯಲ್ಲಿ ದೇವರು. ನರಸಿಂಹನ ಕೈಲಿ ಸತ್ತ ಜಲಾಸುರನೇ ನೀರಾಗಿ ದೇವರ ಪಾದದಡಿ ಹರಿಯುತ್ತಿದ್ದಾನೆ ಎಂಬುದು ಅಲ್ಲಿನ ಐತಿಹ್ಯ. ಯಾವ ಹಾಲಿವುಡ್ಡಿನವನು ಇದಕ್ಕಿಂತ ಒಳ್ಳೆಯ ಘಟ್ಟ ಬರೆದಾನು?

ಕೋಟೆಗೆ ಬನ್ನಿ. ಬಂಡೆ ಕೊರೆದು ಮಾಡಿದ ಮೂರು ಸುತ್ತಿನ ಕಂದಕ. ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್. ನೆಲದಡಿಯ ಹಜಾರ್ ಕೋಠಡಿ. ಅದೇ ಕೋಟೆಯ ಮಣ್ಣು ತಂದೇ ಇಂದಿಗೂ ಬಿದರಿ ಕೆಲಸದವರು ಸತು-ತಾಮ್ರದ ಪಾತ್ರೆಯನ್ನು ಕಡುಗಪ್ಪು ಮಾಡುತ್ತಾರೆ, ಒಳಗೆ ಕೂರಿಸಿದ ಬೆಳ್ಳಿ ಮಾತ್ರ ಫಳಫಳ ಉಳಿಯುತ್ತದೆ. ಮಾಟದ ಮಣ್ಣು! ನಿಮ್ಮ ಆಟದ ಮಾಯಾದೀಪ ಬೇರೆಲ್ಲೂ ಹುಡುಕಬೇಕಿಲ್ಲ.

ಇನ್ನು ಮಹಮೂದ್ ಗವಾನ್. 1472ರಲ್ಲಿ ಮದರಸಾ ಕಟ್ಟಿಸಿದ ವಿದ್ವಾಂಸ ಮಂತ್ರಿ. ಆಗದವರು ಅವನ ಮುದ್ರೆ ಬಿದ್ದ ಕಾಗದದ ಮೇಲೆ ಖೋಟಾ ಪತ್ರ ಬರೆದು ಸುಲ್ತಾನನ ಕೈಗಿಟ್ಟರು. ವಿಚಾರಣೆಯಿಲ್ಲ, ಏನಿಲ್ಲ. 1481ರಲ್ಲಿ ತಲೆ ಹೋಯಿತು. ಅದರೊಂದಿಗೆ ಬಹಮನಿ ರಾಜ್ಯದ ಬೆನ್ನುಮೂಳೆಯೂ ಮುರಿಯಿತು. ಆಟ ಹೀಗಿರಲಿ: ಬೆಳಗಾಗುವುದರೊಳಗೆ ಆ ಪತ್ರ ಖೋಟಾ ಎಂದು ಸಾಬೀತು ಮಾಡಬೇಕು. ದಾರಿ ಸುರಂಗದೊಳಗಿನದು. ಕೈಲಿರುವುದು ಒಂದು ಬಿದರಿ ದೀಪ.

ಮುಂದಿನ ಹಂತ ಭಾಲ್ಕಿಯಲ್ಲಿ. ಒಂದು ಬಾಗಿಲು, ಮೇಲೆ ಉರ್ದು ಬೋರ್ಡು. ತಳ್ಳಿದರೆ ತೆರೆಯುವುದಿಲ್ಲ, ಒದ್ದರೆ ತೆರೆಯುವುದಿಲ್ಲ. ಕಿವಿಗೊಟ್ಟರೆ ಒಳಗೆ ಮಕ್ಕಳು ಅ ಆ ಇ ಈ ಹೇಳುವುದು ಕೇಳಿಸುತ್ತದೆ. ಮುಂದಿನ ಅಕ್ಷರ ಹೇಳಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಕೊನೆಯ ಹಂತ ಔರಾದಿನ ಬಯಲು. ಕೃಷ್ಣಮೃಗಗಳ ಹಿಂಡು, ಮೂರು ಸೀಮೆ ಕೂಡುವ ಕಲ್ಲು, ಅಮರೇಶ್ವರನ ಗುಡಿಯ ಗಂಟೆ. ಇತಿಹಾಸವನ್ನು ಇತಿಹಾಸದಂತೆ ತಿಳಿಯಿರಿ, ಆಮೇಲೆ ಕಲ್ಪನೆಯ ಕುದುರೆ ಬಿಡಿ. ಶತಮಾನಗಳನ್ನು ಹಾರಿ ದಾಟುವುದಕ್ಕೇ ಅದ್ಭುತ ಕಥೆ ಎನ್ನುವುದು.

ಒಂದು ಎಚ್ಚರಿಕೆ. ಅಪ್ಪಣೆಯಿಲ್ಲದೆ ಸುರಂಗಕ್ಕಿಳಿಯಬೇಡಿ. ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಹೆಸರು ಬರೆಯುವ ಆಸೆಯಿದ್ದರೆ ರಾಬಿನೆಟ್ ತರಹ ನಿಮ್ಮ ಆಟದೊಳಗೆ ಬರೆಯಿರಿ.

ಅಕ್ಕನ ಒತ್ತು ಮುರಿದವರು ಯಾರು?

"ಸಾಮಾನು ಎಲ್ಲಿದೆ ಸ್ವಾಮಿ?" ಎನ್ನುತ್ತೀರಿ. ಇದೆ. ಬಿಟ್ಟಿಯಾಗಿ ಇದೆ.

ಟ್ವೈನ್ ಎಂಬುದೊಂದು ತಂತ್ರಾಂಶ. 2009ರಲ್ಲಿ ಕ್ರಿಸ್ ಕ್ಲೈಮಸ್ ಎಂಬಾತ ಮಾಡಿ ಉಚಿತವಾಗಿ ಬಿಟ್ಟದ್ದು. ಪ್ರೋಗ್ರಾಮಿಂಗ್ ಬರದಿದ್ದರೂ ನಡೆಯುತ್ತದೆ. ಒಂದೊಂದು ಕೋಣೆಗೆ ಒಂದೊಂದು ಚೀಟಿ ಬರೆದು, ಚೀಟಿಗೆ ಚೀಟಿ ದಾರದಲ್ಲಿ ಕಟ್ಟಿದಂತೆ ಜೋಡಿಸುತ್ತಾ ಹೋಗುವುದು, ಅಷ್ಟೇ. ಕೊನೆಗೆ ಸಿಗುವುದು ಒಂದೇ ಒಂದು ಫೈಲು. ಯಾವ ಮೊಬೈಲಿನ ಬ್ರೌಸರಿನಲ್ಲೂ ತೆರೆಯುತ್ತದೆ. ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಒಮ್ಮೆ ಕೈ ಸೇರಿದ ಮೇಲೆ ನೆಟ್‌ವರ್ಕ್ ಸಿಗದ ಹೊಲದ ಬದುವಿನಲ್ಲೂ ಆಡಬಹುದು. ಚಿತ್ರ, ಓಟ, ಜಿಗಿತ ಬೇಕೆನ್ನುವವರಿಗೆ ಗೋಡೋ ಇದೆ. ಅರ್ಜೆಂಟೀನಾದ ಇಬ್ಬರು ಗೆಳೆಯರು ಕಟ್ಟಿ 2014ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟದ್ದು. ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡದಂಥ ಉಚಿತ ಫಾಂಟುಗಳಿವೆ.

ಆದರೆ ಇಲ್ಲೊಂದು ಮೋಸದ ಗುಂಡಿಯಿದೆ. ಕನ್ನಡದ ಹುಡುಗರು ಬಹಳ ಮಂದಿ ಇದರಲ್ಲೇ ಬಿದ್ದು ಕೈಬಿಡುತ್ತಾರೆ. ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇವೆ.

ಕಂಪ್ಯೂಟರು "ಅಕ್ಕ" ಎಂಬ ಪದವನ್ನು ಇಡುವುದು ನಾಲ್ಕು ಚಿಹ್ನೆಗಳಾಗಿ: ಅ, ಕ, ಒಂದು ಅರ್ಧ ಮಾಡುವ ಗುರುತು, ಮತ್ತೆ ಕ. ಇವನ್ನು ಕೂಡಿಸಿ ಎರಡನೆಯ ಕ-ವನ್ನು ಒತ್ತಾಗಿ ಕೆಳಗಿಳಿಸುವ ಕೆಲಸ ಇನ್ನೊಂದು ತಂತ್ರಾಂಶದ್ದು. ಇಂಗ್ಲಿಷಿಗೆ ಆ ಕೆಲಸವೇ ಬೇಡ. ಅಕ್ಷರದ ಪಕ್ಕ ಅಕ್ಷರ ಇಟ್ಟರೆ ಮುಗಿಯಿತು. ಆದ್ದರಿಂದ ಆಟ ಕಟ್ಟುವ ಎಷ್ಟೋ ಉಪಕರಣಗಳನ್ನು ಮಾಡಿದವರು ಆ ಕೆಲಸವನ್ನೇ ಬಿಟ್ಟುಬಿಟ್ಟರು. ಪರಿಣಾಮ? ನೀವು "ಅಕ್ಕ" ಎಂದು ಬರೆದರೆ ತೆರೆಯ ಮೇಲೆ "ಅಕ್‌ಕ" ಎಂದು ಮುರಿದು ಬೀಳುತ್ತದೆ. "ರಾಕ್ಷಸ" ಹೋಗಿ "ರಾಕ್‌ಷಸ" ಆಗುತ್ತಾನೆ. ಹುಡುಗ ನೋಡುತ್ತಾನೆ, ಬೇಸರ ಪಡುತ್ತಾನೆ, "ಕನ್ನಡ ಇದಕ್ಕೆ ಆಗಿಬರೋಲ್ಲ" ಎಂದು ಇಂಗ್ಲಿಷಿಗೆ ಜಾರುತ್ತಾನೆ. ಸುಳ್ಳು! ಆಗಿಬರದಿದ್ದದ್ದು ಕನ್ನಡವಲ್ಲ, ಆ ಉಪಕರಣ.

ಒತ್ತು ಕೂಡಿಸುವ ತಂತ್ರಾಂಶಗಳಲ್ಲಿ ಹೆಸರಾದದ್ದು ಹಾರ್ಫ್‌ಬಜ್. ಅದೂ ಉಚಿತ. ಹೆಸರು ಪರ್ಷಿಯನ್ನಿನದು. ಹರ್ಫ್ ಎಂದರೆ ಅಕ್ಷರ, ಬೀದರಿನ ಉರ್ದು ಬಲ್ಲ ಯಾರನ್ನು ಕೇಳಿದರೂ ಹೇಳಿಯಾರು. ಸುರಂಗದ ವಿದ್ಯೆಯೂ ಪರ್ಷಿಯದಿಂದ ಬಂತು, ನಮ್ಮ ಒತ್ತಕ್ಷರ ಉಳಿಸುವ ತಂತ್ರಾಂಶದ ಹೆಸರೂ ಅಲ್ಲಿಂದಲೇ! ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಅದಿದೆ. ಅದಕ್ಕೇ ಬ್ರೌಸರಿನಲ್ಲಿ ಓಡುವ ಟ್ವೈನ್ ಆಟದಲ್ಲಿ ಕನ್ನಡ ಮುರಿಯುವುದಿಲ್ಲ. ಗೋಡೋ 2023ರಲ್ಲಿ ಬಂದ ತನ್ನ 4.0 ಆವೃತ್ತಿಯಿಂದ ಅದನ್ನು ಒಳಗೆ ಸೇರಿಸಿಕೊಂಡಿತು. ಹಳೆಯ 3ನೇ ಆವೃತ್ತಿ ಬಳಸಬೇಡಿ. ಯಾವ ಉಪಕರಣ ಹಿಡಿದರೂ ಮೊದಲ ದಿನವೇ, ಮೊದಲ ಗಂಟೆಯಲ್ಲೇ, "ಅಕ್ಕ, ರಾಕ್ಷಸ, ಶಸ್ತ್ರ, ಕರ್ಪೂರ" ಎಂದು ಬರೆದು ನೋಡಿ. ಮುರಿದರೆ ಆ ಉಪಕರಣ ಬಿಸಾಡಿ, ಕನ್ನಡವನ್ನಲ್ಲ. ಮಾಡಿದವರಿಗೆ ದೂರು ಬರೆಯಿರಿ. ಇದೂ ಕನ್ನಡ ಚಳವಳಿಯೇ.

ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟಾಗ, 1998ರಲ್ಲಿ ಶೇಷಾದ್ರಿವಾಸು 'ಬರಹ' ಮಾಡಿ ಪುಕ್ಕಟೆ ಹಂಚಿದಾಗ ಅವರೇನು ಟೆಂಡರ್ ಕರೆಯುವವರೆಗೆ ಕಾದಿದ್ದರೇ?

ಇನ್ನೊಂದು ತೊಡಕು. ಕ್ರೌಥರನ ಆಟದಲ್ಲಿ ಆಟಗಾರ ಎರಡು ಪದ ಟೈಪ್ ಮಾಡುತ್ತಿದ್ದ. ಮೊದಲು ಕ್ರಿಯಾಪದ, ಆಮೇಲೆ ವಸ್ತು. ಕನ್ನಡದಲ್ಲಿ ವಸ್ತು ಮೊದಲು, ಕ್ರಿಯೆ ಕೊನೆಗೆ. ಅದೂ ಅಲ್ಲದೆ ಬಾಗಿಲನ್ನು, ಬಾಗಿಲಿಗೆ, ಬಾಗಿಲಿಂದ ಎಂದು ವಿಭಕ್ತಿಯ ಬಾಲ ಬೇರೆ. ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡವನ್ನು ಸುರಿದರೆ ಸೋರುತ್ತದೆ. ಎರಡು ದಿನದ ಕೆಲಸಕ್ಕೆ ಸುಲಭ ಉಪಾಯವೆಂದರೆ ಟೈಪು ಮಾಡಿಸಲೇಬೇಡಿ. "ದೀಪ ಹಚ್ಚು", "ಬಾಗಿಲಿಗೆ ಕಿವಿಗೊಡು", "ಹಿಂದಕ್ಕೆ ಓಡು" ಎಂದು ಆಯ್ಕೆ ಕೊಡಿ, ಬೆರಳಿಂದ ಮುಟ್ಟಲಿ. ಮುಂದೆ ವ್ಯಾಕರಣ ಬಲ್ಲವನೊಬ್ಬ, ಪ್ರೋಗ್ರಾಂ ಬಲ್ಲವಳೊಬ್ಬಳು ಕೂತು ಕನ್ನಡದ ವಾಕ್ಯ ತಿಳಿಯುವ ಆಟ ಮಾಡಲಿ. ಕೇಶಿರಾಜನ ನಾಡಿನವರಿಗೆ ಇದು ಹೇಳಿಕೊಡಬೇಕೇ?

ಎರಡು ದಿನ ಸಾಕು

ಸಮಯವಿಲ್ಲ ಎನ್ನುತ್ತೀರಾ? 2002ರಿಂದ ಲೂಡಮ್ ಡೇರ್, 2009ರಿಂದ ಗ್ಲೋಬಲ್ ಗೇಮ್ ಜಾಮ್ ಎಂದು ಲೋಕದ ಹುಡುಗರು 48 ಗಂಟೆಯಲ್ಲಿ ಒಂದೊಂದು ಆಟ ಮುಗಿಸುತ್ತಿದ್ದಾರೆ. ನಾವೂ ಮಾಡೋಣ. ನಾಲ್ಕು ಜನ ಸಾಕು. ಬರೆಯುವವರೊಬ್ಬರು, ಜೋಡಿಸುವವರೊಬ್ಬರು, ಚಿತ್ರ-ಸದ್ದಿಗೊಬ್ಬರು, ಆಡಿ ತಪ್ಪು ಹುಡುಕುವವರೊಬ್ಬರು. ಬೀದರ್, ಭಾಲ್ಕಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಔರಾದಿನ ಹುಡುಗರು ಶುಕ್ರವಾರ ಸಂಜೆಯ ಬಸ್ಸು ಹಿಡಿದರೆ ರಾತ್ರಿ ಊಟಕ್ಕೆ ಬೀದರಿನಲ್ಲಿರುತ್ತಾರೆ.

ಶುಕ್ರವಾರ ರಾತ್ರಿ ಕಂಪ್ಯೂಟರ್ ಮುಟ್ಟಬೇಡಿ. ಹಾಳೆಯ ಮೇಲೆ ನಕ್ಷೆ ಬರೆಯಿರಿ. 20 ಕೋಣೆ, 5 ವಸ್ತು, 3 ಒಗಟು, 2 ಅಂತ್ಯ. ಒಂದೂ ಹೆಚ್ಚು ಬೇಡ. ಶನಿವಾರ ಮಧ್ಯಾಹ್ನದೊಳಗೆ ಮೊದಲಿಂದ ಕೊನೆಯವರೆಗೆ ನಡೆದು ಹೋಗುವಂತೆ ಆಟ ಜೋಡಿಸಿ, ಮಾತು ಒರಟಾಗಿದ್ದರೂ ಚಿಂತೆಯಿಲ್ಲ. ಅಂದ ಆಮೇಲೆ. ಶನಿವಾರ ರಾತ್ರಿ ಮಾತು ತಿದ್ದಿ. ಸದ್ದು ಬೇಕಾದರೆ ಮೊಬೈಲಿನಲ್ಲೇ ಹಿಡಿಯಿರಿ: ಬಾವಿಗೆ ಕಲ್ಲು ಬಿದ್ದದ್ದು, ಬಿದರಿ ಅಂಗಡಿಯ ಸುತ್ತಿಗೆ, ಗುಡಿಯ ಗಂಟೆ, ಮಸೀದಿಯ ಬಾಂಗು, ಝೀರಾ ಸಾಹೇಬನ ನೀರಿನ ಸದ್ದು. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಮಗುವಿನ ಕೈಗೆ ಕೊಟ್ಟು ಬಾಯಿ ಮುಚ್ಚಿ ಕೂರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಪ್ಪು ನಿಮ್ಮದು, ಮಗುವಿನದಲ್ಲ. ತಿದ್ದಿ. ಸಮಯ ಸಾಲದಿದ್ದರೆ ಕೋಣೆ ಕಡಿಮೆ ಮಾಡಿ, ಆದರೆ ಮುಗಿಸದೆ ಬಿಡಬೇಡಿ. ಅರ್ಧಕ್ಕೆ ನಿಂತ ದೊಡ್ಡ ಆಟಕ್ಕಿಂತ ಮುಗಿದ ಸಣ್ಣ ಆಟ ಮೇಲು. ಕನ್ನಡದ ಕೆಲಸಗಳಲ್ಲಿ ಅರ್ಧಕ್ಕೆ ನಿಂತವೇ ಹೆಚ್ಚು, ಅದಕ್ಕೆ ಇನ್ನೊಂದು ಸೇರಿಸಬೇಡಿ.

ಬೆಂಗಳೂರಿನ ಗೆಳೆಯರೇ, ನಿಮಗೊಂದು ವಿಶೇಷ ಮಾತು. ಈ ಆಟದ ಮುದುಕಿ ಬೆಂಗಳೂರು ಕನ್ನಡ ಮಾತಾಡಬಾರದು. ಅವಳು "ಎಲ್ಲಿಗಿ ಹೊಂಟೀರಿ?" ಎನ್ನಬೇಕು, "ಒಳಗ ಹೋಗಬ್ಯಾಡ್ರಿ" ಎನ್ನಬೇಕು. ಬೀದರಿನ ಕನ್ನಡವನ್ನು ಸಿನಿಮಾದವರು ನಗಿಸುವುದಕ್ಕೆ ಬಳಸಿದ್ದು ಸಾಕು. ಈ ಆಟದಲ್ಲಿ ರಾಣಿಯೂ ಆ ಕನ್ನಡವನ್ನೇ ಆಡಲಿ, ವೀರನೂ ಆಡಲಿ. ಅದರೊಳಗೆ ಉರ್ದು ಬಂದರೆ ಬರಲಿ, ಮರಾಠಿ ಬಂದರೆ ಬರಲಿ. ಅಷ್ಟೂರಿನ ಗುಮ್ಮಟದ ಉರುಸಿಗೆ ಹಿಂದೂ-ಮುಸ್ಲಿಮರಿಬ್ಬರೂ ಸೇರುವ ನೆಲ ಅದು. ನಾನಕರ ಹೆಸರಿನ ಝೀರಾ ಇರುವ ನೆಲ ಅದು. ನಮ್ಮ ಜಗಳ ನೆರೆಯ ಭಾಷೆಯೊಂದಿಗಲ್ಲ. ನಮ್ಮ ಭಾಷೆಗೆ ಜಾಗವೇ ಇಲ್ಲ ಎನ್ನುವವರೊಂದಿಗೆ.

ಕೊಂಡು ಆಡುವವರೇ, ಕಟ್ಟುವವರಾಗಿ

"ಕನ್ನಡದ ಆಟ ಯಾರು ಆಡುತ್ತಾರೆ?" ಎಂಬ ಮಾಮೂಲಿ ರಾಗ ಶುರು ಮಾಡಬೇಡಿ. ಕೆನಡಾದಲ್ಲಿ ನೆಲೆಸಿದ ತಮಿಳರು 'ವೆಣ್ಬಾ' ಎಂಬ ಸಣ್ಣ ಆಟ ಮಾಡಿದರು. ವಲಸೆ ಹೋದ ತಮಿಳು ತಾಯಿ, ಅವಳ ಅಡುಗೆ, ಭಾಷೆ ಮರೆಯುತ್ತಿರುವ ಮಗ, ಇಷ್ಟೇ ಕಥೆ. 2023ರಲ್ಲಿ ಬಂತು. 2024ರಲ್ಲಿ ಬಾಫ್ಟಾ ಪ್ರಶಸ್ತಿ ಗೆದ್ದಿತು. ತಮಿಳು ತಾಯಿಗೆ ಇಡ್ಲಿ ಮಾಡಲು ಲೋಕವೆಲ್ಲ ಸಾಲು ನಿಂತಿತು! ನಮ್ಮ ತಾಯಿಗೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲವೇ?

ಸರಕಾರಕ್ಕೂ ನಮ್ಮ ಪ್ರಶ್ನೆಗಳಿವೆ. ಅನಿಮೇಷನ್, ಗೇಮಿಂಗಿಗೆಂದು ದೇಶದಲ್ಲೇ ಮೊದಲು 2012ರಲ್ಲಿ ನೀತಿ ತಂದದ್ದು ಕರ್ನಾಟಕ. 2024ರಲ್ಲಿ ಮತ್ತೆ ಐದು ವರ್ಷದ ಹೊಸ ನೀತಿ ಬಂತು. ಒಳ್ಳೆಯದು. ಆದರೆ ಕನ್ನಡಿಗರ ತೆರಿಗೆ ಹಣದಿಂದ ರಿಯಾಯಿತಿ ಪಡೆಯುವ ಪ್ರತಿ ಆಟಕ್ಕೂ ಕನ್ನಡದ ಆವೃತ್ತಿ ಕಡ್ಡಾಯವಾಗಬೇಕು. 371(ಜೆ) ಬಂದದ್ದು ಕಲ್ಯಾಣ ಕರ್ನಾಟಕಕ್ಕೆ ಬರೀ ಉದ್ಯೋಗದ ಮೀಸಲಾತಿ ಕೊಟ್ಟು ಸುಮ್ಮನಾಗಲಿಕ್ಕಲ್ಲ. ಬೀದರ್, ಭಾಲ್ಕಿ, ಔರಾದಿನ ಸರಕಾರಿ ಕಾಲೇಜುಗಳಲ್ಲಿ ರಜೆಯ ದಿನ ಲ್ಯಾಬಿನ ಬೀಗ ತೆಗೆದು ಹುಡುಗರನ್ನು ಒಳಗೆ ಬಿಡಿ. ಕೋಟಿ ಬೇಡ, ಬೀಗದ ಕೈ ಸಾಕು. ಶಾಲೆಗಳ ಕಂಪ್ಯೂಟರುಗಳಲ್ಲಿ ಕನ್ನಡದ ಆಟಗಳನ್ನು ಹಾಕಿಸಿ.

ಆದರೆ ಸರಕಾರ ಕೊಡುವವರೆಗೆ ಕೈಕಟ್ಟಿ ಕೂರಬೇಡಿ. ಪಟ್ಟದ್ದೇವರು ನಿಜಾಮನ ಅಪ್ಪಣೆಗೆ ಕಾದಿದ್ದರೆ ಭಾಲ್ಕಿಯಲ್ಲಿ ಇಂದು ಕನ್ನಡ ಕೇಳಿಸುತ್ತಿತ್ತೇ?

ನಾವು ಆಟ ಕಟ್ಟಲು ಬಾರದ ಜನವಲ್ಲ. ಚೌಕಾಬಾರ, ಅಳಿಗುಳಿ ಮನೆ, ಹುಲಿ-ಕುರಿ ಇವನ್ನೆಲ್ಲ ಆಡಿ ಬೆಳೆದವರು. ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು, ಕವಡೆ ಇಲ್ಲದಿದ್ದರೆ ಹುಣಸೆಬೀಜ ತೇಯ್ದು ಆಡಿದವರು. ಸಾಮಾನಿಲ್ಲ ಎಂದು ನಮ್ಮ ಅಜ್ಜಿಯರು ಆಟ ನಿಲ್ಲಿಸಲಿಲ್ಲ. ನೀವೇಕೆ ನಿಲ್ಲಿಸುತ್ತೀರಿ?

ಈ ಹಾಳೆ ಓದಿ ಮುಗಿಸಿ ಮಡಚಿಡಬೇಡಿ. ಇದರ ಅಂಚಿನ ಖಾಲಿ ಜಾಗದಲ್ಲೇ ನಿಮ್ಮ ಆಟದ ಮೊದಲ ಕೋಣೆಯ ನಕ್ಷೆ ಬರೆಯಿರಿ. ಬರುವ ಶುಕ್ರವಾರ ಮೂವರು ಗೆಳೆಯರನ್ನು ಕರೆಯಿರಿ. ಮುಗಿಸಿದ ಆಟ ನಮ್ಮ ಕಾರ್ಯಕರ್ತರ ಕೈಗೆ ಕೊಡಿ. ಈ ಪತ್ರಿಕೆ ಹೇಗೆ ಕೈಯಿಂದ ಕೈಗೆ ಹೋಗುತ್ತದೋ, ಹಾಗೆಯೇ ಆ ಆಟವನ್ನೂ ಮೊಬೈಲಿನಿಂದ ಮೊಬೈಲಿಗೆ, ಔರಾದಿನ ಕೊನೆಯ ತಾಂಡಾದವರೆಗೆ ಮುಟ್ಟಿಸುವ ಹೊಣೆ ನಮ್ಮದು.

ಬೋರ್ಡು ಗೆದ್ದಾಗಿದೆ. ಇನ್ನು ಒಳಮನೆ ಗೆಲ್ಲೋಣ.

ಜೈ ಕರ್ನಾಟಕ!